ನನ್ನ ಕಾರಿನ ಹೊಗೆ ಮತ್ತು ಅತ್ತೆಯವರ ಗಂಟು

ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡುವುದು ನನ್ನ ಉದ್ಯೋಗವಾಗಿತ್ತು. ಅಂದರೆ, ಯಾರನ್ನೂ ನಂಬದೆ ಇರುವುದಕ್ಕೇ ಸರ್ಕಾರ ನನಗೆ ಸಂಬಳ ಕೊಡುತ್ತಿತ್ತು. ಇಂಥ ನಾನು ಒಂದು ಕಾರಿನ ಹೊಗೆಗೆ ಸೋಲುತ್ತೇನೆಂದು ಅರಸೀಕೆರೆಯಲ್ಲಿ ಯಾರೂ ಎಣಿಸಿರಲಿಲ್ಲ. ನಾನಂತೂ ಎಣಿಸಿರಲೇ ಇಲ್ಲ!

ತೊಂಬತ್ತರ ದಶಕದ ಮಾತು. ಪೆಟ್ರೋಲ್ ಕುಡಿದು ಕುಡಿದು ನನ್ನನ್ನು ಹಣ್ಣು ಮಾಡುತ್ತಿದ್ದ ಹಳೆಯ ಕಾರಿಗೆ ಯಾವುದೋ ಗುಜರಿ ವ್ಯಾನಿನ ಡೀಸೆಲ್ ಎಂಜಿನ್ ಕೂರಿಸಿದ್ದೆ. ಆಗ ಬಹಳ ಜನ ಮಾಡಿಸುತ್ತಿದ್ದದ್ದೇ. ಎಂಜಿನ್ನೇನೋ ಕೂತಿತು. ಆದರೆ ಹೊಸ ಎಂಜಿನ್ನಿನ ಹೊಗೆ ಪೈಪು ಒಂದು ಅಳತೆ, ಹಳೆಯ ಸೈಲೆನ್ಸರಿನ ಪೈಪು ಇನ್ನೊಂದು ಅಳತೆ. ಅವೆರಡೂ ಸೇರುವ ಜಾಯಿಂಟು ಸರಿಯಾಗಿ ಮುಂದಿನ ಸೀಟಿನ ಕೆಳಗೆ. ಹಿಂದಿನಿಂದ ಹೊರಗೆ ಹೋಗಬೇಕಾದ ಹೊಗೆ ಅರ್ಧ ದಾರಿಯಲ್ಲೇ ಇಳಿದು ನಮ್ಮ ಜೊತೆ ಬಂದು ಕೂರುತ್ತಿತ್ತು.

ಹೆಂಡತಿ ವಿಮಲಾ ಕೊನೆಯ ಎಚ್ಚರಿಕೆ ಕೊಟ್ಟಳು.

“ನೋಡ್ರೀ, ಭಾನುವಾರ ಬಸ್ತಿಹಳ್ಳೀಲಿ ನಮ್ಮಣ್ಣನ ಮಗೂಗೆ ನಾಮಕರಣ. ಅಮ್ಮನ್ನೂ ಕರ್ಕೊಂಡು ಹೋಗ್ಬೇಕು. ದಾರೀಲಿ ಒಂದು ಚೂರು ಹೊಗೆ ಬಂದ್ರೂ ಈ ಕಾರು ಗುಜರಿಗೆ. ನಾನೇ ಜನ ಕರೆಸಿ ತಳ್ಳಿಸ್ತೀನಿ.”

ವಿಮಲಾ ಬಾಯಿಮಾತಿಗೆ ಹೇಳುವವಳಲ್ಲ. ನನ್ನ ಹಳೇ ಟೇಪ್ ರೆಕಾರ್ಡರ್ ಹಾಗೆಯೇ ಹೋಗಿತ್ತು.

ಕಾರನ್ನು ಮೆಕ್ಯಾನಿಕ್ ನಂಜುಂಡಿಯ ಗ್ಯಾರೇಜಿಗೆ ತೆಗೆದುಕೊಂಡು ಹೋದೆ. ಅವನು ಕೆಳಗೆ ತೂರಿ ನೋಡಿ ಎದ್ದು ಬಂದ.

“ಜಾಯಿಂಟಿಗೆ ಪ್ಯಾಕಿಂಗ್ ಹಾಕಿ, ಒಂದು ತುಂಡು ಪೈಪ್ ವೆಲ್ಡ್ ಮಾಡಿ, ಕ್ಲಾಂಪ್ ಬಿಗಿ ಮಾಡ್ಬೇಕು ಸಾರ್. ಬಿಟ್ಟೋಗಿ, ನಾಳೆ ಬನ್ನಿ.”

ಬಿಟ್ಟು ಹೋಗಬೇಕೆ! ಏಕೆ? ನಾನಿರುವಾಗ ನಡೆಯಬಾರದಂಥದ್ದು ಅಲ್ಲಿ ಏನು ನಡೆಯುತ್ತದೆ? ಇಂಥ ಸಂದರ್ಭಕ್ಕೆಂದೇ ನಾನು ಮನೆಯಲ್ಲೇ ಮುನ್ನೆಚ್ಚರಿಕೆ ವಹಿಸಿದ್ದೆ. ವಿಮಲಾಳ ನೈಲ್ ಪಾಲಿಷ್ ತೆಗೆದುಕೊಂಡು ಬ್ಯಾಟರಿ, ಜಾಕಿ, ಸ್ಟೆಪ್ನಿ, ಕಡೆಗೆ ವೈಪರ್ ಕಡ್ಡಿಗೂ ಗುರುತಿನ ಕೆಂಪು ಚುಕ್ಕೆ ಇಟ್ಟಿದ್ದೆ. ನಂಜುಂಡಿ ಬಾನೆಟ್ ಎತ್ತಿದವನೇ ಹಿಂದೆ ಸರಿದ.

“ಇದೇನ್ ಸಾರ್, ಕಾರಿಗೆ ದಡಾರ ಎದ್ದೈತೆ?”

ಹೇಳಿ ನಕ್ಕ. ನಗುವವನು ಏನನ್ನೋ ಮುಚ್ಚಿಡುತ್ತಿರುತ್ತಾನೆ ಎಂಬುದು ನನ್ನ ಇಲಾಖಾ ಅನುಭವ. ಕಾರನ್ನು ಹಾಗೆಯೇ ವಾಪಸ್ಸು ತಂದೆ.

ಮನೆಯಲ್ಲಿ ಸ್ವತಃ ತನಿಖೆ ಕೈಗೊಳ್ಳಲಾಯಿತು. ಹಿಂದಿನ ಪೈಪಿನ ಬಾಯಿಗೆ ಒದ್ದೆ ಬಟ್ಟೆ ಒತ್ತಿ ಹಿಡಿಯುವ ಜವಾಬ್ದಾರಿಯನ್ನು ವಿಮಲಾಳಿಗೆ ವಹಿಸಿ, ಎಂಜಿನ್ ಶುರು ಮಾಡಿ, ಕಾರಿನ ಕೆಳಗೆ ತೂರಿ ಜಾಯಿಂಟಿಗೆ ಸೋಪಿನ ನೀರು ಬಿಟ್ಟೆ. ಬುಳುಬುಳು ಗುಳ್ಳೆ ಎದ್ದವು.

“ಕಳ್ಳ ಸಿಕ್ಕಿದ!” ಎಂದು ಕೂಗಿದೆ.

“ಕಳ್ಳನ್ನ ಬೇಗ ಹಿಡೀರಿ, ನನ್ನ ಕೈ ಬಿಸಿ ಆಗ್ತಿದೆ!” ಎಂದು ಹಿಂದಿನಿಂದ ಉತ್ತರ ಬಂತು.

ಹಿಡಿದದ್ದಾಯಿತು, ಮುಚ್ಚುವುದು ಯಾವುದರಿಂದ? ಅಂಗಡಿಯಲ್ಲಿ ಮಾರುವ ಅಂಟಿನ ಮೇಲೆ ನನಗೆ ಮೊದಲಿನಿಂದಲೂ ಅನುಮಾನ. ಆಗ ನಮ್ಮಜ್ಜಿ ನೆನಪಾದರು. ಕಡುಬು ಬೇಯಿಸುವಾಗ ಹಬೆ ಹೋಗದಿರಲೆಂದು ಅವರು ಪಾತ್ರೆಯ ಸಂದಿಗೆ ಹಿಟ್ಟು ಮೆತ್ತುತ್ತಿದ್ದರು. ಹಬೆಯಾದರೇನು, ಹೊಗೆಯಾದರೇನು? ವಿಮಲಾ ಅಂಗಡಿಗೆ ಹೋದ ಸಮಯ ನೋಡಿ ಅಡುಗೆಮನೆಗೆ ನುಗ್ಗಿದೆ. ಹಾರನಹಳ್ಳಿಯಿಂದ ತರಿಸಿದ ಒಳ್ಳೇ ರಾಗಿಯ ಹಿಟ್ಟು! ಗಟ್ಟಿಯಾಗಿ ಕಲಸಿ ಜಾಯಿಂಟಿನ ಸುತ್ತ ದಪ್ಪಗೆ ಮೆತ್ತಿ, ಮೇಲೆ ತಂತಿ ಸುತ್ತಿದೆ. ಎಂಜಿನ್ ಶುರು ಮಾಡಿ ಮತ್ತೆ ಸೋಪಿನ ನೀರು ಬಿಟ್ಟೆ. ಒಂದು ಗುಳ್ಳೆಯೂ ಇಲ್ಲ!

ಈ ಸಂಶೋಧನೆಯನ್ನು ಹೆಂಡತಿಗೂ ಹೇಳಲಿಲ್ಲ. ಬಾಯಿಂದ ಬಾಯಿಗೆ ಹೋಗಿ ನಂಜುಂಡಿಗೆ ಗೊತ್ತಾದರೆ? ಅವನೇ ಕಂಡುಹಿಡಿದೆ ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಾನೆ.

ಭಾನುವಾರ ಹೊರಟೆವು. ವಿಮಲಾ ಮುಂದೆ, ಅತ್ತೆಯವರು ಹಿಂದೆ, ಅವರ ತೊಡೆಯ ಮೇಲೆ ಒಂದು ದೊಡ್ಡ ಬಟ್ಟೆ ಗಂಟು. ಊರು ದಾಟಿದರೂ ಹೊಗೆಯ ಸುಳಿವಿಲ್ಲ. ವಿಮಲಾ ಮೂಗರಳಿಸಿ ಅರಳಿಸಿ ಪರೀಕ್ಷಿಸಿದಳು. ನಾನು ಮೀಸೆಯಲ್ಲೇ ನಕ್ಕೆ.

ಜಾವಗಲ್ ಹತ್ತಿರ ಬರುವಾಗ ಕಾರಿನೊಳಗೆ ಘಮ್ಮೆಂದಿತು. ಹೊಗೆಯಲ್ಲ. ರೊಟ್ಟಿ! ಈಗ ತಾನೇ ಹೆಂಚಿನಿಂದ ಇಳಿದ ರಾಗಿ ರೊಟ್ಟಿ.

ಕನ್ನಡಿಯಲ್ಲಿ ಹಿಂದೆ ನೋಡಿದೆ. ಅತ್ತೆಯವರು ಗಂಟನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. ಎಳೆದುಕೊಳ್ಳುವಂಥದ್ದು ಅದರೊಳಗೆ ಏನಿದೆ? ಬೆಳಿಗ್ಗೆ ನನಗೆ ಎರಡೇ ಇಡ್ಲಿ ಹಾಕಿ, ಇಲ್ಲಿ ತಾಯಿ ಮಗಳು ಬಿಸಿ ರೊಟ್ಟಿ ಕಟ್ಟಿಕೊಂಡಿದ್ದಾರೆ!

“ಏನೋ ರೊಟ್ಟಿ ವಾಸನೆ” ಎಂದೆ, ಕತ್ತಲಲ್ಲಿ ಕಲ್ಲು ಎಸೆದಂತೆ.

“ನಾನೂ ಆಗಿಂದ ನೋಡ್ತಿದೀನಿ” ಎಂದಳು ವಿಮಲಾ. “ಡಿಕ್ಕೀಲಿ ಏನ್ರೀ ಬಚ್ಚಿಟ್ಟಿದೀರಾ?”

“ಇರ್ಲಿ ಬಿಡೇ” ಎಂದರು ಅತ್ತೆಯವರು. “ಗಂಡಸರಿಗೆ ಹಸಿವು ಜಾಸ್ತಿ. ಒಬ್ರೇ ತಿನ್ಲಿ.”

ನನ್ನನ್ನೇ ಆರೋಪಿ ಮಾಡುವುದೆ! ಜಾವಗಲ್‌ನಲ್ಲಿ ಒಂದು ಟೀ ಅಂಗಡಿಯ ಮುಂದೆ ಕಾರು ನಿಲ್ಲಿಸಿ, ಇಳಿದು ಹಿಂದಿನ ಬಾಗಿಲು ತೆಗೆದೆ.

“ಅತ್ತೆ, ದಯವಿಟ್ಟು ಆ ಗಂಟು ಒಂದ್ಸಲ ಬಿಚ್ಚಿ.”

ಅತ್ತೆಯವರು, ಟೀ ಕುಡಿಯುತ್ತಿದ್ದವರೆಲ್ಲ ನೋಡುತ್ತಿರುವಾಗ ಗಂಟು ಬಿಚ್ಚಿದರು. ಮಗುವಿಗೆ ಕುಲಾವಿ, ಬೆಳ್ಳಿ ಕಾಲ್ಗಡಗ. ಅದರ ಕೆಳಗೆ ಒಂದು ಜರಿ ಪಂಚೆ.

“ಪಂಚೆ ನಿಮಗೇ ಅಳಿಯಂದ್ರೇ. ಎಲ್ಲರ ಮುಂದೆ ಕೊಡೋಣ ಅಂತಿದ್ದೆ” ಎಂದರು.

ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ಬಾಯಿಬಿಟ್ಟದ್ದು ಜಾಯಿಂಟು! ಎಂಜಿನ್ ಇನ್ನೂ ಓಡುತ್ತಿತ್ತು. ಸೀಟಿನ ಕೆಳಗಿನಿಂದ ಬುಸ್ಸೆಂದು ಕರಿ ಹೊಗೆ ಎದ್ದು ಅತ್ತೆ, ಕುಲಾವಿ, ಪಂಚೆ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಂದಿತು. ತಾಯಿ ಮಗಳಿಬ್ಬರೂ ಕೆಮ್ಮುತ್ತಾ ಇಳಿಯುವಷ್ಟರಲ್ಲಿ ಒಂದು ಬೀದಿನಾಯಿ ಕಾರಿನ ಕೆಳಗೆ ನುಗ್ಗಿ, ಕಳಚಿ ಬಿದ್ದ ಒಂದು ತುಂಡನ್ನು ಕಚ್ಚಿಕೊಂಡು ಓಡಿತು.

ಬೆಂಚಿನ ಮೇಲಿದ್ದ ಯಜಮಾನರೊಬ್ಬರು ಬಗ್ಗಿ ಇನ್ನೊಂದು ತುಂಡು ನೋಡಿದರು.

“ಏನ್ಲಾ ಇದು, ಸೈಲೆನ್ಸರ್‌ನಾಗೆ ರೊಟ್ಟಿ ಸುಟ್ಟವ್ರೆ! ಚೆನ್ನಾಗಿ ಬೆಂದೈತೆ ಕಣ್ಲಾ!”

“ಚಟ್ನಿ ತಂದಿದೀರಾ ಸಾರ್?” ಎಂದ ಟೀ ಅಂಗಡಿಯವನು.

ವಿಮಲಾ ಆ ತುಂಡನ್ನು ನೋಡಿದಳು. ನನ್ನನ್ನು ನೋಡಿದಳು. “ಅದಕ್ಕೇ ಡಬ್ಬದಲ್ಲಿ ಹಿಟ್ಟು ತಳ ಕಂಡಿದ್ದು! ನಾನು ಪಾಪ, ಕೆಲಸದ ಲಕ್ಷ್ಮಮ್ಮನ್ನ ಅನುಮಾನಿಸಿದ್ದೆ” ಎಂದಳು. ಅಷ್ಟು ಹೇಳಿ ತಾಯಿಯ ಕೈ ಹಿಡಿದು ಬಸ್ತಿಹಳ್ಳಿ ಕಡೆಗೆ ಹೋಗುವ ಹಳೇಬೀಡಿನ ಬಸ್ ಹತ್ತಿಯೇಬಿಟ್ಟಳು.

ಎಲ್ಲ ಗಾಜು ಇಳಿಸಿ, ತಲೆಯನ್ನು ಹೊರಗೆ ಹಾಕಿಕೊಂಡು ನಾನೊಬ್ಬನೇ ಬಸ್ತಿಹಳ್ಳಿ ತಲುಪಿದೆ. ತೊಟ್ಟಿಲ ಬಳಿ ಹೋಗಿ ಬಗ್ಗಿದೆ. ಮಸಿ ಹಿಡಿದ ನನ್ನ ಮುಖ ಕಂಡು ಮಗು ಕಿಟಾರನೆ ಕಿರುಚಿತು. ಹೆಸರಿಡುವ ಶಾಸ್ತ್ರವನ್ನು ನಾನು ಅಂಗಳದಲ್ಲಿ ನಿಂತು ನೋಡಬೇಕಾಯಿತು.

ಕಾರು ಮಾತ್ರ ಗುಜರಿಗೆ ಹೋಗಲಿಲ್ಲ. ಕಾಪಾಡಿದವರು ಅತ್ತೆಯವರು! “ಪಾಪ, ಕಾರೇನು ಮಾಡಿತ್ತು?” ಎಂದರಂತೆ. ಆ ‘ಕಾರೇನು’ ಎಂಬುದನ್ನು ಒತ್ತಿ ಹೇಳಿದರಂತೆ. ವಿಮಲಾ ತಾನೇ ಅದನ್ನು ನಂಜುಂಡಿಯ ಬಳಿ ಬಿಟ್ಟು ಬಂದಳು. ಪ್ಯಾಕಿಂಗ್ ಬಿತ್ತು, ಹೊಗೆ ನಿಂತಿತು. ಕೆಂಪು ಚುಕ್ಕೆಗಳೆಲ್ಲ ಇದ್ದಲ್ಲೇ ಇದ್ದವು. ನಾನು ಕದ್ದು ನೋಡಿದೆ.

ಈಗಲೂ ಅತ್ತೆಯವರು ಕಾರು ಹತ್ತುವ ಮೊದಲು ಗಂಟು ಬಿಚ್ಚಿ ನನ್ನ ಮುಂದೆ ಹಿಡಿಯುತ್ತಾರೆ. “ತಪಾಸಣೆ ಆಗ್ಲಿ ಅಳಿಯಂದ್ರೇ” ಎನ್ನುತ್ತಾರೆ. ನಾನು ತಲೆ ತಗ್ಗಿಸಿ ಬಾಗಿಲು ತೆಗೆಯುತ್ತೇನೆ.

ಇನ್ನು ನಮ್ಮ ಅಡುಗೆಮನೆಯ ರಾಗಿ ಹಿಟ್ಟಿನ ಡಬ್ಬ. ಅದು ಗಾಜಿನದು. ಹಿಟ್ಟು ಎಲ್ಲಿಯವರೆಗೆ ಇದೆಯೋ ಅಲ್ಲಿಗೆ ಸರಿಯಾಗಿ ವಿಮಲಾ ದಿನವೂ ನೈಲ್ ಪಾಲಿಷಿನಿಂದ ಒಂದು ಕೆಂಪು ಗೆರೆ ಎಳೆಯುತ್ತಾಳೆ.