ಸಸಿಗೆ ಉಣ್ಣೆ ಸುತ್ತುವ ಭಾವ

ನಮ್ಮ ಭಾವನಿಗೆ ಜಿಂಕೆ ಕಂಡರಾಗದು. ಹಾವಿಗೆ ಹೆದರುವವರುಂಟು, ಅತ್ತೆಮನೆಗೆ ಹೆದರುವವರೂ ಉಂಟು. ಜಿಂಕೆಯ ಮೇಲೆ ಹಗೆ ಸಾಧಿಸುವ ಮನುಷ್ಯ ಇಡೀ ಜರ್ಮನಿಯಲ್ಲಿ ಇವರೊಬ್ಬರೇ ಇರಬೇಕು! ಉಡುಪಿ ಕಡೆಯವರು, ಬೊಬ್ಲಿಂಗೆನ್‌ನಲ್ಲಿ ಇಂಜಿನಿಯರ್. ಕೇಕಿಗೆ ಮೊಟ್ಟೆ ಹಾಕಿದ್ದೀರಾ ಎಂದು ಬೇಕರಿಯಲ್ಲಿ ಮೂರು ಸಲ ಕೇಳಿ, ಬರೀ ಕಾಫಿ ಕುಡಿದು ಬರುವವರು.

ಹಗೆಗೆ ಕಾರಣ, ಊರಂಚಿನ ಕಾಡು-ಪಾರ್ಕಿನಲ್ಲಿ ಐದು ವರ್ಷದ ಹಿಂದೆ ಅವರೇ ನೆಟ್ಟ ಓಕ್ ಸಸಿಗಳು. ಈ ನೆಲದ್ದೇ ಮರ. ಆದರೆ ಕುಡಿ ಒಡೆಯುವುದೇ ತಡ, ಜಿಂಕೆ ಬಂದು ಕಚ್ಚಿ ಹೋಗುತ್ತದೆ. ಸಸಿಗಳು ಇನ್ನೂ ಮೊಣಕಾಲು ದಾಟಿಲ್ಲ.

ಕುರಿಯ ಹಸಿ ಉಣ್ಣೆಯನ್ನು ಕುಡಿಗೆ ಸುತ್ತಿದರೆ ಜಿಂಕೆ ಮುಟ್ಟದು ಎಂದು ಯಾರೋ ಹೇಳಿದರು. ಸರಿ, ಕುರಿಗಾಹಿಯೊಬ್ಬನಿಂದ ಎರಡು ಚೀಲ ಉಣ್ಣೆ ಹೊತ್ತು ಭಾವ ಎಸ್-ಬಾನ್ ಲೋಕಲ್ ರೈಲು ಹತ್ತಿದರು. ಆ ವಾಸನೆಗೆ ಅರ್ಧ ಡಬ್ಬಿ ಖಾಲಿ!

"ನೋಡು ಮಾರಾಯ, ಎಷ್ಟು ಮರ್ಯಾದಸ್ಥರು! ಎಲ್ಲ ಸೀಟು ಬಿಟ್ಟುಕೊಟ್ರು" ಎಂದರು ನನಗೆ. ಅಕ್ಕ ಚೀಲವನ್ನೂ ಗಂಡನನ್ನೂ ಒಟ್ಟಿಗೇ ಬಾಲ್ಕನಿಗೆ ಅಟ್ಟಿದಳು. ಇಷ್ಟೆಲ್ಲ ಆಗಿ, ನಾಲ್ಕು ಮಳೆಗೆ ಉಣ್ಣೆ ಕಳಚಿಬಿತ್ತು. ಜಿಂಕೆಗಳು ಹಬ್ಬ ಮಾಡಿದವು.

ಆ ಕಾಡಿನಲ್ಲಿ ತೋಳಗಳಿಲ್ಲ. ಜಿಂಕೆಗಳ ಸಂಖ್ಯೆ ಮಿತಿ ಮೀರದಂತೆ ನೋಡಿಕೊಳ್ಳುವುದು ಪರವಾನಗಿಯುಳ್ಳ ಬೇಟೆಗಾರರ ಕೆಲಸ. ಈ ವರ್ಷ ಇನ್ನಷ್ಟು ಹೊಡೆಯೋಣವೇ ಎಂದು ಫಾರೆಸ್ಟರ್ ಊರವರ ಸಭೆಯಲ್ಲಿ ಕೇಳಿದಾಗ ಮೊದಲು ಎದ್ದ ಕೈ ಯಾರದು? ನಮ್ಮ ಭಾವನದು!

"ಮೊಟ್ಟೆ ತಿನ್ನದವರು ಕೊಲ್ಲಿಸ್ಲಿಕ್ಕೆ ಹೊರಟ್ರಾ?" ಅಕ್ಕ ಸಿಡುಕಿದಳು.

"ಸಸಿಗೂ ಜೀವ ಉಂಟಲ್ಲ? ಓಡ್ಲಿಕ್ಕೆ ಕಾಲಿಲ್ಲ, ಅಷ್ಟೆ."

ಹಾಗೆಂದರೇ ಹೊರತು, ಆ ವಾರ ಅವರಿಗೆ ಊಟ ಸೇರಲಿಲ್ಲ. ಬೇಟೆಯ ದಿನ ಬೆಳಿಗ್ಗೆ ನನ್ನನ್ನೂ ಎಳೆದುಕೊಂಡು ಹೊರಟರು. "ಕೈ ಎತ್ತಿದವ ನಾನು. ನೋಡದಿದ್ರೆ ಮೋಸ ಆಗ್ತದೆ."

ದೂರದಲ್ಲಿ ಒಂದೇ ಒಂದು ಗುಂಡು. ನಾವು ಹೋಗುವಾಗ ಮುದುಕ ಬೇಟೆಗಾರ ಟೋಪಿ ತೆಗೆದು ನಿಂತಿದ್ದ. ಕೆಳಗೆ ಎಳೆಯ ಗಂಡು ಜಿಂಕೆ. ಹೊಡೆದ ಪ್ರಾಣಿಯ ಬಾಯಿಗೆ ಹಸಿರು ಚಿಗುರೊಂದನ್ನು ಕೊನೆಯ ತುತ್ತಾಗಿ ಇಡುವುದು ಇಲ್ಲಿನ ಬೇಟೆಗಾರರ ಪದ್ಧತಿ. ನಮ್ಮಲ್ಲಿ ಸಾಯುವವರ ಬಾಯಿಗೆ ತುಳಸಿ ನೀರು ಬಿಡುವ ಹಾಗೆ. ಅವನು ಅತ್ತಿತ್ತ ಚಿಗುರು ಹುಡುಕತೊಡಗಿದ.

ಭಾವ ಅವನನ್ನು ತಡೆದರು. ನೇರ ತಮ್ಮ ಸಸಿಗಳ ಬಳಿ ಹೋಗಿ, ಇದ್ದುದರಲ್ಲೇ ಎತ್ತರದ ಸಸಿಯ ತುದಿ ಮುರಿದರು. ಮರಳಿ ಬಂದು ಮಂಡಿಯೂರಿ, ಜಿಂಕೆಯ ಕತ್ತು ಸವರಿ, ಚಿಗುರನ್ನು ಬಾಯಿಗಿಟ್ಟರು.

"ತಿನ್ನು ಮಗಾ, ಇವತ್ತು ಬೈಯುದಿಲ್ಲ."