ಅತ್ತೆಯ ಊಟಕ್ಕೆ ತಪಾಸಣೆ

"ಇವತ್ತು ನಮ್ಮ ಅಡುಗೆಮನೆಗೆ ಒಂದೇ ಒಂದು ರೋಗಾಣು ಕಾಲಿಟ್ಟರೂ ನನ್ನ ಹೆಸರು ಬದಲಾಯಿಸಿ" ಎಂದು ಬೆಳಿಗ್ಗೆಯೇ ಘೋಷಿಸಿಬಿಟ್ಟರು ಗುಮಾಸ್ತರು. ಕಚೇರಿ ಕ್ಯಾಂಟೀನಿನ ಉಸ್ತುವಾರಿ ಅವರದು. ಆಹಾರ ಸುರಕ್ಷತೆಯ ಒಂದು ದಿನದ ತರಬೇತಿ ಮುಗಿಸಿ ಬಂದಾಗಿನಿಂದ ಹೆಂಡತಿಯ ಸೌಟಿನ ಮೇಲೂ ಅವರಿಗೆ ಅನುಮಾನ.

ಕಾರಣವೂ ಇತ್ತೆನ್ನಿ. ಹೋದ ವರ್ಷ ಅತ್ತೆ ಬಂದಾಗ, ರಾತ್ರಿಯಿಡೀ ಹೊರಗೇ ಉಳಿದಿದ್ದ ಅನ್ನವನ್ನು ಬೆಳಿಗ್ಗೆ ಬಿಸಿ ಮಾಡಿ ಬಡಿಸಿದ ಪುಣ್ಯಾತ್ಮರು ಇವರೇ. ಅತ್ತೆ ಎರಡು ದಿನ ಹೊಟ್ಟೆ ಹಿಡಿದುಕೊಂಡು ಮಲಗಿದರು. ಆಮೇಲೆ ಈ ಮನೆಯ ಊಟವನ್ನೇ ಬಿಟ್ಟರು. ಇವತ್ತು ಹೆಂಡತಿ ತನ್ನ ತಾಯಿಯನ್ನು ಕಾಡಿ ಬೇಡಿ ಊಟಕ್ಕೆ ಒಪ್ಪಿಸಿದ್ದಳು. ಹೋದ ಮಾನ ಮರಳಿ ಪಡೆಯಲು ಗುಮಾಸ್ತರಿಗೆ ಇದೊಂದೇ ದಾರಿ.

ಹನ್ನೆರಡಕ್ಕೆ ಸರಿಯಾಗಿ ಹೆಂಡತಿ ಕೋಳಿ ಬೇಯಿಸಿ ಇಳಿಸಿದಳು. ಗುಮಾಸ್ತರು ಅದಕ್ಕೆ ಥರ್ಮಾಮೀಟರ್ ಚುಚ್ಚಿದರು.

"ಎಂಬತ್ತೆರಡು ಡಿಗ್ರಿ."

"ಎಪ್ಪತ್ತೈದಾದ್ರೆ ಸಾಕು ಅಂದಿದ್ರಲ್ಲ. ಬಡಿಸ್ಲಾ?"

"ತಾಳು. ಇದು ನಿಜ ಹೇಳ್ತಿದೆ ಅಂತ ಏನು ಗ್ಯಾರಂಟಿ?"

ಥರ್ಮಾಮೀಟರಿನ ಪ್ರಾಮಾಣಿಕತೆ ಪರೀಕ್ಷಿಸಲು ಸೊನ್ನೆ ಡಿಗ್ರಿಯ ಐಸ್ ನೀರು ಬೇಕು. ಫ್ರಿಜ್ಜಿನಲ್ಲಿ ಐಸ್ ಇರಲಿಲ್ಲ. ನೀರು ಗಟ್ಟಿಯಾಗುವವರೆಗೆ ಯಾರೂ ಪಾತ್ರೆ ಮುಟ್ಟಕೂಡದೆಂದು ಅಪ್ಪಣೆಯಾಯಿತು. ಅಷ್ಟರೊಳಗೆ ಅವರು ಹಸಿ ಕೋಳಿ ಕೊಯ್ದ ಹಲಗೆಯನ್ನು ತಿರುಗಿಸಿ ಮುರುಗಿಸಿ ಮೂಸಿದರು, ಒರೆಸುವ ಬಟ್ಟೆಯನ್ನು ವಿಚಾರಣೆಗೆ ಒಳಪಡಿಸಿದರು, ಹೆಂಡತಿಯ ಕೈಯನ್ನು ಆರು ಸಲ ತೊಳೆಸಿದರು. ಊಟದ ಮೇಜಿನ ಮುಂದೆ ಕೂತ ಅತ್ತೆ ಒಂದೇ ಸಮನೆ ಆಕಳಿಸುತ್ತಿದ್ದರು. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ಕೊನೆಗೂ ಐಸ್ ಆಯಿತು. ಥರ್ಮಾಮೀಟರ್ ಸೊನ್ನೆ ತೋರಿಸಿತು. "ಸಾಚಾ! ಈಗ ಬಡಿಸು" ಎಂದರು ಗುಮಾಸ್ತರು.

ಹೆಂಡತಿ ಜಾಗ ಬಿಟ್ಟು ಕದಲಲಿಲ್ಲ. "ರೀ, ಬೇಯಿಸಿದ್ದು ಹೊರಗೆ ಎಷ್ಟು ಹೊತ್ತು ಇರಬಹುದು?"

"ಎರಡು ಗಂಟೆ. ಅದರ ಮೇಲೆ ಒಂದು ನಿಮಿಷ ಆದ್ರೂ ನೇರ ಕಸದ ಬುಟ್ಟಿಗೆ. ನಿಯಮ ಅಂದ್ರೆ ನಿಯಮ."

"ಹನ್ನೆರಡಕ್ಕೆ ಇಳಿಸಿದ್ದು. ಈಗ ಎರಡೂಕಾಲು."

ಗುಮಾಸ್ತರು ಗಡಿಯಾರವನ್ನೂ ಒಮ್ಮೆ ಅನುಮಾನದಿಂದ ನೋಡಿದರು. ಅದು ಸರಿಯಾಗಿಯೇ ಇತ್ತು. ಕೋಳಿ ಕಸದ ಬುಟ್ಟಿ ಸೇರಿತು. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದ್ದನ್ನು ಉಣ್ಣುವ ಭಾಗ್ಯವೂ ಉಳಿಯಲಿಲ್ಲ.

ಅತ್ತೆ ತಮ್ಮ ಚೀಲ ಬಿಚ್ಚಿ ಬ್ರೆಡ್ ತೆಗೆದರು. "ಯಾವುದಕ್ಕೂ ಇರಲಿ ಅಂತ ತಂದಿದ್ದೆ" ಎಂದು ಮಗಳಿಗೆರಡು ಹೋಳು ಕೊಟ್ಟು, ತಾವೆರಡು ಇಟ್ಟುಕೊಂಡು, ಉಳಿದೆರಡನ್ನು ಅಳಿಯನ ಮುಂದಿಟ್ಟರು. ಹಸಿದಿದ್ದ ಗುಮಾಸ್ತರು ನಾಚಿಕೆ ಬಿಟ್ಟು ಎರಡಕ್ಕೂ ಒಟ್ಟಿಗೇ ಕೈ ಹಾಕಿದರು.

"ಅಳಿಯಂದ್ರೇ," ಅತ್ತೆ ಮೆಲ್ಲಗೆ ಕೇಳಿದರು, "ಆಗಿನಿಂದ ಆ ಹಸಿ ಕೋಳಿ ಹಲಗೆ ಹಿಡ್ಕೊಂಡು ಓಡಾಡ್ತಿದ್ರಿ. ನೀವು ಕೈ ತೊಳೆದ್ರಾ?"

ಗುಮಾಸ್ತರು ಪೆಚ್ಚಾಗಿ ಎದ್ದು ನಲ್ಲಿಗೆ ಹೋದರು. ಸೋಪು ಹಚ್ಚಿ ಉಜ್ಜಿ ತೊಳೆದು ಬರುವಷ್ಟರಲ್ಲಿ, ನಿಯಮದ ಪ್ರಕಾರ, ಅವರು ಮುಟ್ಟಿದ ಬ್ರೆಡ್ಡೂ ಕಸದ ಬುಟ್ಟಿ ಸೇರಿತ್ತು.