ನಾಲ್ಕು ಮೂಲೆಯ ಭೂಮಿ

ಐಸು ತರಲು ಹೊರಟ ವಿಜ್ಞಾನದ ಮೇಷ್ಟ್ರು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು, "ನಾನು ಬರೋವರೆಗೂ ನಮ್ಮ ಕ್ಲಾಸನ್ನ ಸ್ವಲ್ಪ ನೋಡ್ಕೊಳ್ಳಿ" ಎಂದರು. ಹೇಳದೆ ಹೋಗಿದ್ದರೆ ಚೆನ್ನಾಗಿತ್ತು.

ಮೇಷ್ಟ್ರು ಆರು ವರ್ಷದಿಂದ ತಾತ್ಕಾಲಿಕ. ಹನ್ನೊಂದಕ್ಕೆ ಬರುವ ಇನ್‌ಸ್ಪೆಕ್ಟರ್ ಸಾಹೇಬರು ಪಾಠ ಮೆಚ್ಚಿದರೆ ಖಾಯಂ. ಹುದ್ದೆ ಇದ್ದದ್ದು ಒಂದೇ ಒಂದು. "ಇವತ್ತೂ ತಾತ್ಕಾಲಿಕವಾಗೇ ವಾಪಸ್ ಬಂದ್ರೆ, ನಾನೂ ತಾತ್ಕಾಲಿಕವಾಗೇ ಅಡುಗೆ ಮಾಡ್ತೀನಿ" ಎಂದು ಹೆಂಡತಿ ಬೆಳಿಗ್ಗೆಯೇ ತಿಳಿಸಿದ್ದಳು.

ಪಾಠವೇನೋ ಸಿದ್ಧವಾಗಿತ್ತು. ಕ್ಲಾಸಿನ ಒಂದು ಮೂಲೆಯಲ್ಲಿ ಮರಳು ತುಂಬಿದ ಟ್ರೇ, ಅದರಲ್ಲಿ ಪಾಪಾಸುಕಳ್ಳಿ: ಅದು ಮರುಭೂಮಿ. ಇನ್ನೊಂದರಲ್ಲಿ ಮೊಳಕಾಲುದ್ದ ಹುಲ್ಲು, ಹುಲ್ಲಲ್ಲಿ ಮಿಡತೆಗಳು. ಮೂರನೆಯದು ಮುಚ್ಚಳವಿದ್ದ ಗಾಜಿನ ತೊಟ್ಟಿಯೊಳಗಿನ ಮಳೆಕಾಡು. ಅಲ್ಲಿ ಹಾವಸೆ, ಜರೀಗಿಡ ಮತ್ತು ಒಂದು ಹಸಿರು ಕಪ್ಪೆ. ಮಕ್ಕಳು ಅದನ್ನು 'ಮಾವ' ಎಂದು ಕರೆಯುತ್ತಿದ್ದರು. ನಾಲ್ಕನೆಯದು ಹಿಮನಾಡು. ಅದಕ್ಕೆ ಐಸು ಬೇಕಿತ್ತು. ಮೂರು ತಿಂಗಳಿಂದ ಮಕ್ಕಳು ಮನೆಯ ತಮ್ಮ ತಂಗಿಯರಿಗಿಂತ ಹೆಚ್ಚಾಗಿ ಈ ಮೂಲೆಗಳನ್ನು ಸಾಕಿದ್ದರು.

ಮೇಷ್ಟ್ರು ಮೀನು ಮಾರ್ಕೆಟ್ಟಿನಿಂದ ಐಸಿನ ಡಬ್ಬ ಹೊತ್ತು ಬೆವರುತ್ತ ಬಂದಾಗ, ಜವಾನ ಖಾಲಿ ಬಕೆಟ್ ಹಿಡಿದು ಕ್ಲಾಸಿನಿಂದ ಹೊರಬರುತ್ತಿದ್ದ.

"ಕಳ್ಳಿ ಗಿಡ ಪೂರ್ತಿ ಒಣಗಿತ್ತು ಸಾರ್. ಎರಡು ಬಕೆಟ್ ಹಾಕಿದೀನಿ."

ಮೇಷ್ಟ್ರು ಒಳಗೆ ಓಡಿದರು. ಮರುಭೂಮಿ ಕೆರೆಯಾಗಿತ್ತು. ಕಳ್ಳಿಗಳು ಬುಡ ಮೇಲಾಗಿ ತೇಲುತ್ತಿದ್ದವು. ಆಚೆ ಮೂಲೆಯಲ್ಲಿ ಡ್ರಿಲ್ ಮಾಸ್ಟರು ಕತ್ತರಿ ಹಿಡಿದು ನಿಂತಿದ್ದರು. ಅವರು ಎಂಟು ವರ್ಷದ ತಾತ್ಕಾಲಿಕ.

"ಎಷ್ಟು ಉದ್ದ ಬೆಳೆಸಿದ್ರಿ ಮಾರಾಯ್ರೇ! ಸಾಹೇಬ್ರು ಬರೋ ದಿನ ಶಿಸ್ತು ಬೇಡ್ವಾ?" ಹುಲ್ಲುಗಾವಲಿಗೆ ಮಿಲಿಟರಿ ಕಟಿಂಗ್ ಆಗಿತ್ತು. ಅಡಗಲು ಜಾಗವಿಲ್ಲದ ಮಿಡತೆಗಳನ್ನು ಎರಡು ಕಾಗೆಗಳು ಕಿಟಕಿಯಿಂದ ಬಂದು ಹೆಕ್ಕಿ ಮುಗಿಸಿದ್ದವು.

"ಮಾವ ಎಲ್ಲಿ?" ಎಂದರು ಮೇಷ್ಟ್ರು.

ಆಫೀಸಿನ ಕ್ಲರ್ಕಮ್ಮ ಕಿಟಕಿಯ ಕಡೆ ಕೈ ತೋರಿಸಿದರು. "ಮುಚ್ಚಳ ಹಾಕಿ ಕೂಡಿಹಾಕಿದ್ರಲ್ಲ, ಪಾಪ ಉಸಿರು ಕಟ್ಟುತ್ತೆ ಅಂತ ಮುಚ್ಚಳ ತೆಗೆದು ತೊಟ್ಟೀನ ಬಿಸಿಲಿಗಿಟ್ಟೆ. ಹೊರಗೆ ಬಂದು ಮಲಗಿದೆ."

ಮಲಗಿರಲಿಲ್ಲ. ಕಿಟಕಿ ಕಟ್ಟೆಯ ಬಿಸಿಲಿನಲ್ಲಿ ಒಣಗಿಹೋಗಿತ್ತು. ಮಕ್ಕಳು ಸುತ್ತ ನಿಂತಿದ್ದರು. ಮೇಷ್ಟ್ರಿಗೆ ಖಾಯಂ ಹುದ್ದೆ ಮರೆತುಹೋಗಿ, ನಿಜವಾಗಿ ಅಳು ಬಂತು. ಅವರು ಮೂಗು ಒರೆಸಿಕೊಂಡು ತಿರುಗುವಷ್ಟರಲ್ಲಿ ಐಸಿನ ಡಬ್ಬವೂ ಇರಲಿಲ್ಲ. ಹೆಡ್ ಮೇಡಂ ಬಂದು, "ಒಳ್ಳೇ ಹೊತ್ತಿಗೆ ತಂದ್ರಿ" ಎಂದು ಹೊಗಳಿ ಎತ್ತಿಸಿಕೊಂಡು ಹೋಗಿದ್ದರು.

ಹನ್ನೊಂದಕ್ಕೆ ಸಾಹೇಬರು ನಿಂಬೆ ಶರಬತ್ತಿನ ಲೋಟ ಹಿಡಿದೇ ಕ್ಲಾಸಿಗೆ ಬಂದರು. ಹಿಂದೆ ಇಡೀ ಸ್ಟಾಫು. ಸಾಹೇಬರು ನಾಲ್ಕೂ ಮೂಲೆ ನೋಡಿದರು.

"ಏನ್ರೀ ಇದು?"

ಮೇಷ್ಟ್ರ ನಾಲಿಗೆ ಏಳಲಿಲ್ಲ. ಎದ್ದದ್ದು ಮುಂದಿನ ಬೆಂಚಿನ ಹುಡುಗಿ. ಸದಾ ಏನಾದರೂ ಕೇಳುತ್ತಿದ್ದುದರಿಂದ ಅವಳಿಗೆ 'ಪ್ರಶ್ನೆಪತ್ರಿಕೆ' ಎಂದೇ ಹೆಸರು. ಆವತ್ತು ಅವಳ ಹತ್ತಿರ ಬರೀ ಉತ್ತರಗಳಿದ್ದವು.

"ಅದು ಮರುಭೂಮಿ ಆಗಿತ್ತು ಸಾರ್. ಕಳ್ಳಿಗೆ ಸ್ವಲ್ಪ ನೀರು ಸಾಕು, ಯಾರೂ ಅದನ್ನ ಕೇಳಲಿಲ್ಲ. ಅದು ಹುಲ್ಲುಗಾವಲು. ಚೆಂದ ಕಾಣ್ಲಿ ಅಂತ ಕತ್ತರಿಸಿದ್ರು, ಮಿಡತೆ ಹೋದ್ವು. ಇದು ಮಳೆಕಾಡು. ಕಪ್ಪೆ ಚರ್ಮದಿಂದಾನೂ ಉಸಿರಾಡುತ್ತೆ ಸಾರ್, ಚರ್ಮ ಒದ್ದೆಯಾಗಿರ್ಬೇಕು. ಒಣಗಿ ಸತ್ತೋಯ್ತು."

"ಆ ನಾಲ್ಕನೇ ಮೂಲೆ?"

"ಹಿಮನಾಡು. ಅದು ನಿಮ್ಮ ಲೋಟದಲ್ಲಿದೆ."

ಸಾಹೇಬರು ಲೋಟ ಕೆಳಗಿಟ್ಟರು. ಮುಂದೆ ಬಂದು ಮೇಷ್ಟ್ರ ಕೈ ಕುಲುಕಿದರು. "ಮೂವತ್ತು ವರ್ಷದ ಸರ್ವೀಸಲ್ಲಿ ಇಂಥ ಪಾಠ ನೋಡಿಲ್ಲ! ಭೂಮಿಗೆ ನಾವು ಮಾಡ್ತಿರೋದನ್ನ ಹಾಗೇ ತೋರಿಸಿದೀರಿ. ಸೋಮವಾರ ಡೈರೆಕ್ಟರ್ ಸಾಹೇಬ್ರನ್ನ ಕರ್ಕೊಂಡು ಬರ್ತೀನಿ. ಅವರ ಕಣ್ಣೆದುರೇ ಮತ್ತೆ ಹೀಗೇ ಆಗ್ಬೇಕು. ಹೊಸಾ ಕಪ್ಪೆ ತರ್ಸಿ. ಖಾಯಂ ಆರ್ಡರ್ ಅಲ್ಲೇ ಕೊಡ್ತೀನಿ."

ಮೇಷ್ಟ್ರು ಹೂಂ ಎನ್ನಲು ಬಾಯಿ ತೆರೆದರು. ಪ್ರಶ್ನೆಪತ್ರಿಕೆ ಅವರನ್ನೇ ನೋಡುತ್ತಿದ್ದಳು. ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

"ನನ್ ಕೈಲಿ ಆಗಲ್ಲ ಸಾರ್" ಎಂದುಬಿಟ್ಟರು. "ಇದನ್ನ ಮಾಡಿದ್ದೂ ನಾನಲ್ಲ."

"ಮತ್ತೆ ಯಾರು?"

ಸಾಹೇಬರ ಮುಖದ ಕಳೆ ನೋಡಿದ ಡ್ರಿಲ್ ಮಾಸ್ಟರು ಎಲ್ಲರಿಗಿಂತ ಮುಂಚೆ ಕೈ ಎತ್ತಿದರು. ಸೋಮವಾರದ ಆರ್ಡರಿಗೆ ಸಾಹೇಬರು ಅಲ್ಲೇ ಅವರ ಹೆಸರು ಬರೆದುಕೊಂಡರು.

ಸಂಜೆ ಮಕ್ಕಳ ಜೊತೆ ಮಾವನನ್ನು ಮಣ್ಣು ಮಾಡಿ, ಮನೆಗೆ ಹೋಗಲು ಕಾಲೆಳೆಯುತ್ತಿದ್ದ ಮೇಷ್ಟ್ರ ಹೆಗಲ ಮೇಲೆ ಡ್ರಿಲ್ ಮಾಸ್ಟರ ಕೈ ಬಿತ್ತು.

"ಬೇಜಾರ್ ಮಾಡ್ಕೋಬೇಡಿ ಮಾರಾಯ್ರೇ, ನಿಮ್ಮನ್ನ ಬಿಟ್ಟು ನಾವೇನೂ ಮಾಡಲ್ಲ. ಸೋಮವಾರದೊಳಗೆ ನಾಲ್ಕೂ ಮೂಲೆ ಮೊದಲಿನ ಹಾಗೇ ಮಾಡಿಕೊಡಿ ಸಾಕು. ಹಾಳು ಮಾಡೋದು ನಮಗೆ ಬಿಡಿ."